ಮುಚ್ಚಳದ ಒಳಗಿನ ಹಸಿರು

ನಮ್ಮ ಬೀದಿಯಿಂದ ಪೇಂಟ್ ಅಂಗಡಿಗೆ ನಡೆದರೆ ಆರು ನಿಮಿಷ. ಆದರೆ ಒರಿಜಿನಲ್ ಅವರು ಎರಡು ತಿಂಗಳಿಂದ ಅಲ್ಲಿಗೆ ಹೋಗಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ನೇರ ದಾರಿಯಲ್ಲಿ ಟೈಲರ ಅಂಗಡಿ ಬರುತ್ತದೆ. ಅದೊಂದನ್ನು ತಪ್ಪಿಸಲು ಶಾಲೆಯ ಹಿಂದಿನ ಗೋಡೆ ಹಿಡಿದು, ಮರದ ಮಿಲ್ಲಿನ ಹೊಟ್ಟು ತುಳಿದು, ಎರಡು ನಾಯಿಗಳ ವಿಚಾರಣೆ ಎದುರಿಸಿ ಸುತ್ತಿ ಹೋಗುತ್ತಿದ್ದರು. ಕೇಳಿದವರಿಗೆ, “ಡಾಕ್ಟ್ರು ನಡೀಬೇಕು ಅಂದಿದ್ದಾರೆ” ಎನ್ನುತ್ತಿದ್ದರು. ಆ ಡಾಕ್ಟರನ್ನು ನಾನೂ ಬಲ್ಲೆ. ಅವರು ಯಾರಿಗೂ ನಡೆಯಲು ಹೇಳಿದವರಲ್ಲ.

ಒರಿಜಿನಲ್ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಾಯಿಂದ ಬಂದದ್ದು. ದಿನಕ್ಕೆ ಐವತ್ತು ಸಲ ಆ ಪದ ಹೇಳುವವರನ್ನು ಊರು ಬೇರೆ ಏನೆಂದು ಕರೆದೀತು? ವಾಹನಗಳ ಪೇಂಟ್ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಬಣ್ಣ ಬೆರೆಸುವುದು ಅವರ ಕೆಲಸ. ಆ ಕಣ್ಣಿನ ಬಗ್ಗೆ ಮಾತ್ರ ಯಾರೂ ತಮಾಷೆ ಮಾಡುವಂತಿಲ್ಲ. ನೆಗ್ಗಿದ ಒಂದು ತಗಡಿನ ಚೂರು ತಂದುಕೊಟ್ಟರೆ ಬಾಗಿಲ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, “ಬಿಳಿಗೆ ಎರಡು ತೊಟ್ಟು ಕಪ್ಪು, ಅರ್ಧ ತೊಟ್ಟು ಹಳದಿ” ಎನ್ನುವರು. ಬೆರೆಸಿ, ರಟ್ಟಿನ ಮೇಲೆ ಬಳಿದು ಒಣಗಿಸಿ, ಪಕ್ಕದಲ್ಲಿಟ್ಟರೆ ಯಾವುದು ಹಳೆಯದು ಯಾವುದು ಹೊಸದು ಎಂದು ತಗಡಿಗೇ ಗೊತ್ತಾಗುತ್ತಿರಲಿಲ್ಲ.

ತೊಂದರೆ ಏನೆಂದರೆ, ಈ ಕಣ್ಣನ್ನು ಅವರು ಅಂಗಡಿಯಲ್ಲೇ ಬಿಟ್ಟು ಬರುತ್ತಿರಲಿಲ್ಲ. ಹೆಂಡತಿ ಹೊಸ ಸೀರೆ ತಂದರೆ, “ಇದು ಒರಿಜಿನಲ್ ಮೆರೂನ್ ಅಲ್ಲ ಕಣೇ” ಎನ್ನುವರು. ಆಕೆಯೂ ಬಿಡುವವರಲ್ಲ. “ಹೌದ್ರೀ, ನಿಮ್ಮ ತಲೆಗೂದಲಿನ ಕಪ್ಪು ಮಾತ್ರ ಒರಿಜಿನಲ್ಲು” ಎನ್ನುವರು. ಅಲ್ಲಿಗೆ ಆ ದಿನದ ಚರ್ಚೆ ಮುಗಿಯುತ್ತಿತ್ತು.

ಹಳೆಯ ಮೋಟಾರ್ ಸೈಕಲ್ಲುಗಳನ್ನು ಹುಡುಕಿ ತಂದು, ಬಿಚ್ಚಿ, ಉಜ್ಜಿ, ಹುಟ್ಟಿದ ದಿನದ ರೂಪಕ್ಕೆ ತರುವ ಹುಚ್ಚು ನಮ್ಮಲ್ಲಿ ಶುರುವಾಗಿ ಹದಿನೆಂಟು ವರ್ಷವಾಯಿತು. ಅದರಲ್ಲೂ ಒಂದು ಹಸಿರು ಗಾಡಿಗೆ ಬೇಡಿಕೆ ಹೆಚ್ಚು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿದೆ. ಬಣ್ಣದ ಚೀಟಿ, ಪುಸ್ತಕ ಏನೂ ಉಳಿದಿಲ್ಲ. ಸಿಕ್ಕಿದ ಗಾಡಿಗಳೆಲ್ಲ ನಾಲ್ಕು ಕೈ ಬದಲಾಗಿ, ಎಂಟು ಬಣ್ಣ ಕಂಡವು. ಹಾಗಾದರೆ ಅದರ ಅಸಲಿ ಹಸಿರು ಯಾವುದು?

ಉತ್ತರ ಒರಿಜಿನಲ್ ಅವರ ಕಬ್ಬಿಣದ ಬೀರುವಿನಲ್ಲಿತ್ತು. ಅವರ ಭಾವ, ಎಂದರೆ ಅಕ್ಕನ ಗಂಡ, ಒಂದು ಕಾಲದಲ್ಲಿ ಆ ಗಾಡಿಯನ್ನು ಹೊಸದಾಗಿಯೇ ಕೊಂಡಿದ್ದರು. ಮುಂದೆ ಮಾರಿದಾಗ, ಗಾಡಿಯ ಪಕ್ಕದಲ್ಲಿ ಪಾನಾ, ಸ್ಕ್ರೂಡ್ರೈವರ್ ಇಡುವ ಪೆಟ್ಟಿಗೆಯ ಮುಚ್ಚಳವೊಂದು ಚಿಲಕ ಮುರಿದು ಅಟ್ಟದ ಮೇಲೆ ಉಳಿದುಹೋಯಿತು. ಊಟದ ತಟ್ಟೆಯಷ್ಟಗಲದ ತಗಡು. ಹೊರಮೈ ಬಿಸಿಲಿಗೆ ಮಾಸಿ ನೀಲಿ ಹೊಡೆದಿತ್ತು. ಒಳಮೈ ಮಾತ್ರ ಎಳೆ ಪಾಚಿಯ ಹಾಗೆ ಹಳದಿ ಬೆರೆತ ಹಸಿರು, ನಿನ್ನೆ ಬಳಿದಂತಿತ್ತು. “ಸೂರ್ಯ ನೋಡದ ಬಣ್ಣ ಕಣ್ರಿ ಇದು” ಎಂದು ಒರಿಜಿನಲ್ ಅವರು ಮೆತ್ತನೆಯ ಬಟ್ಟೆ ಬಿಡಿಸಿ ತೋರಿಸುವಾಗ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಅದರ ಮೂಲೆಯಲ್ಲಿ ಬಣ್ಣದೊಳಗೆ ಒಂದು ಬ್ರಷ್ ಕೂದಲು ಸಿಕ್ಕಿಕೊಂಡಿತ್ತು. ಯಾರೋ ಅದನ್ನು ಕೇಳಿದಾಗ ಅವರು ಮರುಕದಿಂದ ನಕ್ಕು, “ಆ ಕಾಲದ ಕಂಪನಿಗಳು ಒಳಮೈಯನ್ನ ಕೈಯಲ್ಲೇ ಬಳೀತಿದ್ವು. ಈ ಕೂದಲೇ ಸಾಕ್ಷಿ” ಎಂದಿದ್ದರು. ಅಂದಿನಿಂದ ಅದು ಬರೀ ಕೂದಲಾಗಿ ಉಳಿಯಲಿಲ್ಲ. ದೂರದವರು ಭೂತಕನ್ನಡಿ ತಂದು ನೋಡಿ ಹೋದರು. ಆ ಮುಚ್ಚಳ ನೋಡಿ ಹನ್ನೊಂದು ಗಾಡಿಗಳು ಹಸಿರಾದವು.

ಈಗ ಟೈಲರ ವಿಷಯ. ನನ್ನ ಪ್ಯಾಂಟುಗಳೆಲ್ಲ ಹೊಲಿಯುವುದು ಅವರೇ. ಹೇಳಿದ ದಿನಕ್ಕೆ ಕೊಟ್ಟಿಲ್ಲ, ಕೊಟ್ಟದ್ದು ಹರಿದಿಲ್ಲ. ಅವರಪ್ಪ ತಂದ ಅದೇ ಜಾತಿಯ ಹಸಿರು ಗಾಡಿ ಅವರಲ್ಲಿತ್ತು. ಟ್ಯಾಂಕಿಗೆ ತಾವೇ ದಪ್ಪ ಬಟ್ಟೆಯ ಅಂಗಿ ಹೊಲಿದು ತೊಡಿಸಿ, ವರ್ಷಕ್ಕೆ ಹತ್ತು ಸಲ ಮಾತ್ರ ಬಿಚ್ಚುತ್ತಿದ್ದರು. ಎರಡು ವರ್ಷದ ಹಿಂದೆ ಶಾಲೆ ಮೈದಾನದಲ್ಲಿ ನಡೆದ ಹಳೆ ಗಾಡಿಗಳ ಪ್ರದರ್ಶನಕ್ಕೆ, ಯಾರದೋ ಒತ್ತಾಯಕ್ಕೆ, ಅದನ್ನು ತಂದರು. ತೀರ್ಪುಗಾರರು ಯಾರು? ಒರಿಜಿನಲ್. ಎಡಗೈಯಲ್ಲಿ ಮುಚ್ಚಳ, ಬಲಗೈಯಲ್ಲಿ ಮೈಕು.

“ಟೈಲರೇ, ಈ ಬಣ್ಣ ಎಲ್ಲಿ ಹಾಕ್ಸಿದ್ರಿ?”

“ಹಾಕ್ಸಿಲ್ಲ ಸಾರ್. ಅಪ್ಪ ತಂದಾಗಿಂದ ಇದೇ ಬಣ್ಣ.”

“ಅಪ್ಪ, ತಾತ ಅಂತ ಎಲ್ರೂ ಹೇಳ್ತಾರೆ. ಮುಚ್ಚಳ ಹೇಳ್ಬೇಕಲ್ಲ?”

ಟ್ಯಾಂಕಿನ ಮೇಲೆ ಮುಚ್ಚಳ ಇಟ್ಟರು. ಟ್ಯಾಂಕಿನದು ನೀಲಿ ಬೆರೆತ ಹಸಿರು, ಆಳವಾದ ಕೊಳದ ನೀರಿನಂಥದು. ಮುಚ್ಚಳದ ಒಳಮೈ ಪಾಚಿ. ಕುರುಡನಿಗೂ ವ್ಯತ್ಯಾಸ ತಿಳಿಯುತ್ತಿತ್ತು.

“ನೋಡಿ ಸ್ವಾಮಿ, ನಲವತ್ತೈದು ವರ್ಷದ ಬಣ್ಣ ಹೀಗೆ ಹೊಳೆಯೋದುಂಟಾ? ಇದು ಯಾವುದೋ ಮನೆ ಬಾಗಿಲಿಗೆ ತಂದಿದ್ರಲ್ಲಿ ಉಳಿದಿದ್ದು. ಟೈಲರೇ, ಬಾಗಿಲ ಬಣ್ಣ ಆಯ್ತು, ಇನ್ನು ಗಾಡಿಗೊಂದು ಚಿಲಕಾನೂ ಹಾಕ್ಸಿಬಿಡಿ!”

ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಮುಂದಿನ ಸಾಲಿನಲ್ಲಿ ಕೂತಿದ್ದೆನಾದ್ದರಿಂದ, ತೀರ್ಪುಗಾರರಿಗೆ ಕಾಣುವ ಹಾಗೆಯೇ ನಕ್ಕೆ. ಟೈಲರು ಟ್ಯಾಂಕಿಗೆ ಬಟ್ಟೆಯ ಅಂಗಿ ತೊಡಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿ, ಗಾಡಿ ತಳ್ಳಿಕೊಂಡು ಹೋದರು. ಸ್ಟಾರ್ಟ್ ಕೂಡ ಮಾಡಲಿಲ್ಲ.

ಆಮೇಲೆ ಅವರ ಅಂಗಡಿಗೆ ಹೋದವರೆಲ್ಲ, “ಟೈಲರೇ, ಚಿಲಕ ತೆಗೀರಿ” ಎಂದು ಕರೆಯುವುದು ರೂಢಿಯಾಯಿತು. ನಾಲ್ಕು ತಿಂಗಳಾದ ಮೇಲೆ ಅವರೇ ಪೇಂಟ್ ಅಂಗಡಿಗೆ ಬಂದು, “ನಿಮ್ಮ ಹಸಿರನ್ನೇ ಬೆರೆಸಿ ಕೊಡಿ ಸಾರ್. ಹಳೇದನ್ನ ತಗಡು ಕಾಣೋವರೆಗೂ ಉಜ್ಜಿಸಿದ್ದೀನಿ” ಎಂದರು. ಒರಿಜಿನಲ್ ಅವರು ಸ್ವತಃ ಬೆರೆಸಿಕೊಟ್ಟರು. ಗೀರು ಬಿದ್ದರೆ ಇರಲಿ ಎಂದು ಒಂದು ಪುಟ್ಟ ಡಬ್ಬಿಯನ್ನೂ ಜೊತೆಗಿಟ್ಟರು. “ತಪ್ಪು ಒಪ್ಪಿಕೊಳ್ಳೋಕೆ ದೊಡ್ಡ ಮನಸ್ಸು ಬೇಕು ಟೈಲರೇ” ಎಂದು ಬೆನ್ನು ತಟ್ಟಿದ್ದನ್ನು ನಮಗೆಲ್ಲ ಬಂದು ಹೇಳಿದರು. ಹಸಿರಾದ ಹನ್ನೊಂದು ಗಾಡಿಗಳಲ್ಲಿ ಕೊನೆಯದು ಅದೇ.

ಹೀಗಿರುವಾಗ, ಎರಡು ತಿಂಗಳ ಕೆಳಗೆ, ಯಾರೋ ಹೊಸಬರಿಗೆ ತೋರಿಸಲು ಹೋಗಿ ಮುಚ್ಚಳ ಕೈಜಾರಿ ಅಂಗಡಿಯ ಕಲ್ಲು ನೆಲಕ್ಕೆ ಬಿತ್ತು. ಒಳಮೈ ಅಂಚಿನಲ್ಲಿ ಉಗುರಗಲ ಬಣ್ಣ ಹಾರಿತು. ಅಡಿಯಲ್ಲಿ ತಗಡು ಕಾಣಲಿಲ್ಲ. ಇನ್ನೊಂದು ಹಸಿರು ಕಂಡಿತು. ನೀಲಿ ಬೆರೆತದ್ದು.

ಒಮ್ಮೆ ಕಂಡ ಬಣ್ಣವನ್ನು ಗುರುತಿಸಲು ಒರಿಜಿನಲ್ ಅವರಿಗೆ ಎರಡನೇ ನೋಟ ಬೇಕಾಗುತ್ತಿರಲಿಲ್ಲ. ಅಂದು ಮೊದಲ ಸಲ ತಮಗೆ ಆ ಕಣ್ಣು ಇರಬಾರದಿತ್ತು ಎನಿಸಿತಂತೆ. ಗಿರಾಕಿ ಹೋಗುವವರೆಗೂ ಆ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡೇ ಇದ್ದರು. ಮಧ್ಯಾಹ್ನ ಅಂಗಡಿಗೆ ರಜೆ ಹೇಳಿ ನೇರ ಅಕ್ಕನ ಮನೆಗೆ ಹೋದರು.

“ಏನೋ ಇದು, ಹೇಳ್ದೆ ಕೇಳ್ದೆ?” ಎಂದರು ಅಕ್ಕ.

“ಅಕ್ಕಾ, ಭಾವ ಗಾಡಿಗೆ ಯಾವತ್ತಾದ್ರೂ ಬೇರೆ ಬಣ್ಣ ಹಾಕ್ಸಿದ್ರಾ?”

“ನಿಮ್ಮ ಭಾವಾನಾ? ತಲೆಗೆ ಎಣ್ಣೆ ಹಾಕ್ಕೊಳ್ಳೋಕೇ ಜಿಪುಣತನ ಮಾಡ್ತಿದ್ರು. ಗಾಡಿಗೆ ಬಣ್ಣ ಬೇರೆ ಕೇಡು!”

ಒರಿಜಿನಲ್ ಅವರಿಗೆ ಹೋದ ಜೀವ ಬಂತು. ಅಕ್ಕ ಅದನ್ನು ಬಹಳ ಹೊತ್ತು ಉಳಿಯಗೊಡಲಿಲ್ಲ.

“ಆ ಮುಚ್ಚಳಕ್ಕೆ ಬಳಿದಿದ್ದು ನೀನೇ ಅಲ್ವೇನೋ.”

“ನಾನಾ?”

“ಇನ್ಯಾರು? ನನ್ನ ಮದುವೆಯಾದ ವರ್ಷ, ಬಚ್ಚಲು ಬಾಗಿಲಿಗೆ ಬಣ್ಣ ಬಳಿದುಕೊಡ್ತೀನಿ ಅಂತ ಬಂದೆ. ಅರ್ಧ ಬಾಗಿಲಿಗೆ, ಅರ್ಧ ನೆಲಕ್ಕೆ ಬಳಿದೆ. ಮುಚ್ಚಳ ಒಳಗಡೆ ತುಕ್ಕು ಹಿಡೀತಿದೆ ಅಂತ ನಿಮ್ಮ ಭಾವ ಅಂದ್ರು. ಉಳಿದಿದ್ದು ಯಾಕೆ ದಂಡ ಅಂತ ಅದಕ್ಕೂ ಒಂದು ಕೈ ಎಳೆದೆ. ಬ್ರಷ್ ಕೂದಲು ಉದುರ್ತಿದೆ ನೋಡೋ ಅಂತ ನಾನು ಬೈದಿದ್ದೂ ನೆನಪಿಲ್ವಾ?”

ಒರಿಜಿನಲ್ ಅವರಿಗೆ ಆಗ ಇಪ್ಪತ್ತೆರಡು ವರ್ಷ. ಬಣ್ಣದ ಕೆಲಸಕ್ಕೆ ಸೇರಲು ಇನ್ನೂ ಐದು ವರ್ಷವಿತ್ತು. ಕಾಲು ಗಂಟೆಯ ಕೆಲಸ, ಮರೆತೇ ಹೋಗಿತ್ತು. ಎದ್ದು, ಚೀಲದಿಂದ ಮುಚ್ಚಳ ತೆಗೆದು, ಹಿಂದಿನ ಪಡಸಾಲೆಯ ಬಚ್ಚಲ ಬಾಗಿಲಿಗೆ ಒತ್ತಿ ಹಿಡಿದು, ಎಡಗಣ್ಣು ಮುಚ್ಚಿದರು. ಒಳಗೆ ನೀರು ಸುರಿಯುವ ಸದ್ದು ನಿಂತಿತು.

“ಅತ್ತೇ, ಬಾಗಿಲ ಹತ್ರ ಯಾರದು?” ಅಕ್ಕನ ಸೊಸೆಯ ದನಿ.

“ನಾನಮ್ಮಾ, ಮಾವ. ಬಣ್ಣ ನೋಡ್ತಿದೀನಿ.”

ಒರಿಜಿನಲ್ ಅವರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಆದರೆ ನೋಡಬೇಕಾದ್ದನ್ನು ನೋಡಿಯಾಗಿತ್ತು. ಯಾವುದು ಬಾಗಿಲು ಯಾವುದು ಮುಚ್ಚಳ ಎಂದು ತಗಡಿಗೂ ಮರಕ್ಕೂ ಗೊತ್ತಾಗದಷ್ಟು ಒಂದೇ ಬಣ್ಣ.

ಸಂಜೆ ನಮ್ಮ ಮನೆಗೆ ಬಂದು, ಬಾಗಿಲು ಹಾಕಿಸಿ, ಇದನ್ನೆಲ್ಲ ಹೇಳಿದರು. ನಗು ಬರುವ ಕಥೆ. ಆದರೆ ಹೇಳುವವರ ಮುಖ ನೋಡಿ ನಾನು ನಗಲಿಲ್ಲ.

“ಊರಲ್ಲಿ ಆ ಕಂಪನಿ ಹಸಿರು ಕೆಡದೆ ಉಳಿದಿದ್ದು ಅವರೊಬ್ಬರ ಟ್ಯಾಂಕಿನ ಮೇಲೆ ಕಣ್ರಿ. ನಾನು ಬಾಯಿ ಮಾಡಿ ಉಜ್ಜಿಸಿದೆ. ಮೇಲೆ ಬಚ್ಚಲು ಬಾಗಿಲಿನ ಬಣ್ಣ ಬಳಿಸಿ ಬೆನ್ನು ಬೇರೆ ತಟ್ಟಿದೆ.”

ನಾನು ಆಪ್ತ ಸಲಹೆಗಾರನ ಗತ್ತಿನಲ್ಲಿ, “ಯಾರಿಗೂ ಹೇಳ್ಬೇಡಿ. ಹಳೇ ಮಾತು, ಎಲ್ರೂ ಮರೆತಿದ್ದಾರೆ” ಎಂದೆ. ಅದು ಅವರ ಮಾನ ಕಾಯಲು ಹೇಳಿದ್ದು ಎಂದು ಆಗ ನಂಬಿದ್ದೆ. ಮುಂದಿನ ಸಾಲಿನಲ್ಲಿ ಹಲ್ಲು ಬಿಟ್ಟವನಿಗೆ ತನ್ನದೂ ಒಂದಿಷ್ಟು ಮುಚ್ಚಿಡುವುದಿತ್ತು.

ಆ ಶಾಲೆ ಗೋಡೆಯ ದಾರಿ ಶುರುವಾದದ್ದು ಅಂದಿನಿಂದ. ಕೊನೆಗೆ ಅವರನ್ನು ದಾರಿಗೆ ತಂದದ್ದು ಅವರ ಹೆಂಡತಿ. “ರೀ, ಎರಡನೇ ಜೊತೆ ಚಪ್ಪಲಿ ಸವೀತಾ ಬಂತು. ಇಷ್ಟು ಸುತ್ತೋ ಬದಲು ಒಂದು ಸಲ ಹೋಗಿ ಹೇಳಿಬಿಡಿ” ಎಂದರು. ಆಕೆಗೆ ವಿಷಯ ಯಾರು ಹೇಳಿದರು ಎಂದು ನನ್ನನ್ನು ಕೇಳಬೇಡಿ.

ಬರಿಗೈಯಲ್ಲಿ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಮೂರು ಭಾನುವಾರ ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೋಪಿನ ನೀರಲ್ಲಿ ನೆನೆಸಿದ ನಯವಾದ ಉಜ್ಜುಕಾಗದ ಹಿಡಿದು, ಮುಚ್ಚಳದ ಒಳಮೈಯನ್ನು ತೇಯ್ದರು. ಜೋರಾಗಿ ಉಜ್ಜಿದರೆ ಅಡಿಯ ಬಣ್ಣವೂ ಹೋದೀತು. ಹಗುರಾಗಿ ಉಜ್ಜಿದರೆ ಮೇಲಿನದು ಅಲುಗದು. ಹದಿನೆಂಟು ವರ್ಷದ ಕೀರ್ತಿ ಪಾಚಿ ಬಣ್ಣದ ನೊರೆಯಾಗಿ ಬಚ್ಚಲ ಕಿಂಡಿಯಲ್ಲಿ ಹರಿದುಹೋಯಿತು. ಆ ಪ್ರಸಿದ್ಧ ಕೂದಲೂ ಹೋಯಿತು. ಅಂಗೈಯಗಲ ಕಂಪನಿ ಹಸಿರು ಮೇಲೆ ಬಂತು. ಹೊಸದರಂತೆ ಇತ್ತು. ಸೂರ್ಯ ನೋಡದಂತೆ ಅದನ್ನು ಇಷ್ಟು ವರ್ಷ ಕಾಪಾಡಿದ್ದು ಇವರದೇ ಬಚ್ಚಲ ಬಣ್ಣ.

ಟೈಲರ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ನನ್ನ ಪ್ಯಾಂಟು ಕೇಳುವ ನೆಪ. ಟೈಲರು ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ಕಾಲು ಮಿಷನ್ನಿನ ಮೇಲೆ.

“ಬನ್ನಿ ಸಾರ್, ಕೂರಿ.”

ಒರಿಜಿನಲ್ ಅವರು ಕೂರಲಿಲ್ಲ. ನಿಂತೇ ಹೇಳಿದರು. ಅಕ್ಕ, ಬಚ್ಚಲು, ಬ್ರಷ್ ಯಾವುದನ್ನೂ ಬಿಡಲಿಲ್ಲ. ಮಿಷನ್ ನಿಂತಿತು. ಟೈಲರು ಮುಚ್ಚಳ ತೆಗೆದುಕೊಂಡು, ನೂಲಿನ ಬಣ್ಣ ಹೊಂದಿಸುವಾಗ ಹೋಗುವ ಹಾಗೆಯೇ, ಹೊಸ್ತಿಲ ಬೆಳಕಿಗೆ ಹೋದರು. ಬಹಳ ಹೊತ್ತು ನೋಡಿ, “ಹ್ಞೂ. ಇದೇ” ಎಂದರು.

“ನಿಮ್ಮ ಮಾತೇ ನಿಜ ಆಯ್ತು ಟೈಲರೇ.”

“ಅದು ನನಗೆ ಗೊತ್ತಿತ್ತಲ್ಲ ಸಾರ್. ಗಾಡಿ ಮನೆಗೆ ಬಂದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ.”

“ಗೊತ್ತಿದ್ದೂ ಯಾಕೆ ಉಜ್ಜಿಸಿದ್ರಿ?”

ಟೈಲರು ಸೂಜಿಗೆ ನೂಲು ಪೋಣಿಸತೊಡಗಿದರು. ಎರಡು ಸಲ ತಪ್ಪಿತು.

“ನೀವು ಮೈಕಲ್ಲಿ ಹೇಳಿದ್ದು ಅಮ್ಮನ ಕಿವಿಗೆ ಯಾರೋ ಮುಟ್ಟಿಸಿದ್ರು. ‘ಏನೋ, ನಿಮ್ಮಪ್ಪ ಯಾರೋ ಓಡಿಸಿದ ಗಾಡಿಗೆ ಬಣ್ಣ ಹೊಡೆಸ್ಕೊಂಡು ಬಂದು ಹೊಸದು ಅಂತ ನನಗೆ ಸುಳ್ಳು ಹೇಳಿದ್ರಾ?’ ಅಂತ ಕೇಳಿದ್ಲು. ಇಲ್ಲಮ್ಮಾ ಅಂದೆ. ದಿನಾ ಕೇಳಿದ್ಲು. ಆಮೇಲೆ ಆ ಟ್ಯಾಂಕು ನೋಡೋಕೇ ಬೇಡ ಅನ್ನಿಸ್ತು.”

ಒರಿಜಿನಲ್ ಅವರು ನೆಲ ನೋಡುತ್ತಿದ್ದರು. ನಾನು ಗೋಡೆಗೆ ನೇತುಹಾಕಿದ್ದ ಯಾರದೋ ಕೋಟು ನೋಡುತ್ತಿದ್ದೆ.

“ಹೊಸದಾಗಿ ಬೆರೆಸಿ, ನಾನೇ ನಿಂತು ಹೊಡೆಸಿ ಕೊಡ್ತೀನಿ ಟೈಲರೇ. ಇದೇ ಹಸಿರು.”

“ಅದು ನೋಡೋಣ ಬಿಡಿ. ಮೊದಲು ಒಂದು ಕೆಲಸ ಮಾಡಿ. ಈ ಸಲದ ಪ್ರದರ್ಶನಕ್ಕೆ ಅಮ್ಮನ್ನ ಕರ್ಕೊಂಡು ಬರ್ತೀನಿ. ಅವತ್ತು ಹೇಳಿದಷ್ಟೇ ಜೋರಾಗಿ ಹೇಳಿ. ಅವಳಿಗೆ ಕಿವಿ ಸ್ವಲ್ಪ ಮಂದ.”

ಪ್ರದರ್ಶನದ ದಿನ ಮೈದಾನದಲ್ಲಿ ಹನ್ನೊಂದು ಪಾಚಿ ಹಸಿರು ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಂಬತ್ತು ದಾಟಿದ ಸಣ್ಣ ಜೀವ, ಪಕ್ಕದಲ್ಲಿ ಟೈಲರು. ಒರಿಜಿನಲ್ ಅವರು ಮೈಕು ಹಿಡಿದು, ಅಭ್ಯಾಸ ಬಲ, “ಬಣ್ಣ ಅನ್ನೋದು ಬರೀ ಬಣ್ಣ ಅಲ್ಲ…” ಎಂದು ಶುರು ಮಾಡಿದರು.

“ಏನಂತಾನೆ?” ಎಂದರು ಅಜ್ಜಿ.

“ಇನ್ನೂ ಶುರು ಮಾಡಿಲ್ಲಮ್ಮಾ.”

ಅಜ್ಜಿಯ ಮುಖ ನೋಡಿ ಅವರು ಭಾಷಣ ನುಂಗಿದರು. “ಟೈಲರ ಗಾಡಿ ಬಗ್ಗೆ ನಾನು ಹೇಳಿದ್ದು ತಪ್ಪು.”

“ಕೇಳಿಸ್ಲಿಲ್ಲಪ್ಪಾ.”

“ನಾನು ಹೇಳಿದ್ದು ತಪ್ಪು! ಅವರ ಟ್ಯಾಂಕಿನ ಬಣ್ಣವೇ ಕಂಪನಿ ಬಣ್ಣ! ನನ್ನ ಮುಚ್ಚಳದ್ದು ನಮ್ಮಕ್ಕನ ಮನೆ ಬಚ್ಚಲು ಬಾಗಿಲಿನ ಬಣ್ಣ!”

“ಯಾರ ಮನೆ ಬಚ್ಚಲು?”

ಮೈಕು ಕೀರೆಂದಿತು. ಒರಿಜಿನಲ್ ಅವರು ಮೈಕು ಕೆಳಗಿಟ್ಟು, ವೇದಿಕೆ ಇಳಿದು ಬಂದು, ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು. “ಅಮ್ಮಾ, ನಿಮ್ಮ ಯಜಮಾನರು ತಂದಿದ್ದು ಹೊಸ ಗಾಡೀನೇ! ನಾನು ಸುಳ್ಳು ಹೇಳಿದ್ದೆ!”

“ಹೊಸದೇ! ನಾನು ಹೇಳ್ಲಿಲ್ವಾ?” ಎಂದು ಅಜ್ಜಿ ಮಗನ ತೊಡೆಗೆ ಒಂದೇಟು ಕೊಟ್ಟರು.

ಹನ್ನೊಂದು ಗಾಡಿಯವರಲ್ಲಿ ಒಬ್ಬ, “ಹಾಗಾದ್ರೆ ಇಷ್ಟು ವರ್ಷ ನಾವೆಲ್ಲ ಬಚ್ಚಲು ಬಾಗಿಲ ಮೇಲೆ ಕೂತು ಸವಾರಿ ಮಾಡಿದ್ವಾ?” ಎಂದ. ಮೈದಾನ ಬಿದ್ದು ಬಿದ್ದು ನಕ್ಕಿತು. ಒರಿಜಿನಲ್ ಅವರ ಕಿವಿ, ಕುತ್ತಿಗೆ ಎಲ್ಲ ಕೆಂಪಾಯಿತು. ಆ ಕೆಂಪಿಗೆ ಏನೇನು ಎಷ್ಟೆಷ್ಟು ತೊಟ್ಟು ಬೆರೆಸಬೇಕೋ ನನಗೆ ತಿಳಿಯದು, ಆದರೆ ಒರಿಜಿನಲ್ ಎಂದು ಮಾತ್ರ ಹೇಳಬಲ್ಲೆ. ಈ ಸಲ ನಾನು ನಗಲಿಲ್ಲ. ಅದನ್ನು ಯಾರೂ ಗಮನಿಸಲೂ ಇಲ್ಲ.

ಅಷ್ಟರಲ್ಲಿ ಟೈಲರು ಮುಚ್ಚಳವನ್ನು ತಾಯಿಯ ಮಡಿಲಿಗಿಟ್ಟರು. ಅಜ್ಜಿ ಆ ಅಂಗೈಯಗಲದ ಹಸಿರನ್ನು ಬೆರಳಲ್ಲಿ ಸವರಿ, ಆಮೇಲೆ ಸಾಲಿನ ಕೊನೆಯಲ್ಲಿ ನಿಂತ ತಮ್ಮ ಗಾಡಿಯತ್ತ ನೋಡಿ, ಮತ್ತೆ ಮುಚ್ಚಳ ನೋಡಿದರು.

“ಇಂಥ ಬಣ್ಣಾನ ಯಾಕೋ ಉಜ್ಜಿ ಹಾಕಿದೆ?”

ಒರಿಜಿನಲ್ ಅವರು ಅಲ್ಲೇ, ಎರಡು ಅಡಿ ದೂರದಲ್ಲಿ ನಿಂತಿದ್ದರು. ಟೈಲರು ಅವರತ್ತ ತಿರುಗಿಯೂ ನೋಡಲಿಲ್ಲ.

“ತಪ್ಪಾಯ್ತಮ್ಮಾ” ಎಂದರು.

ತೀರ್ಪುಗಾರರ ಪಟ್ಟವನ್ನು ಒರಿಜಿನಲ್ ಅವರು ಅಂದೇ ಬಿಟ್ಟರು. ಈಗ ಯಾರಾದರೂ ಹಳೆ ಗಾಡಿ ತಂದು ಅಸಲಿ ಬಣ್ಣ ಯಾವುದೆಂದು ಕೇಳಿದರೆ, “ನಿಮ್ಮ ಮನೇಲಿ ಅಜ್ಜಿ ಇದ್ದಾರಾ? ಮೊದಲು ಅವರನ್ನ ಕೇಳಿ” ಎನ್ನುತ್ತಾರೆ. ಟೈಲರ ಟ್ಯಾಂಕಿಗೆ ಬೇಕಾದ ಹಸಿರನ್ನು ಬೆರೆಸಿ ಮುಚ್ಚಿಟ್ಟಿದ್ದಾರೆ. ಟೈಲರು ಇನ್ನೂ ಬಂದಿಲ್ಲ. ನನ್ನ ಪ್ಯಾಂಟೂ ಬಂದಿಲ್ಲ, ಆದ್ದರಿಂದ ಅದರಲ್ಲಿ ವಿಶೇಷ ಅರ್ಥ ಹುಡುಕಬೇಕಿಲ್ಲ.

ಮೊನ್ನೆ ನೋಡಿದರೆ ಒರಿಜಿನಲ್ ಅವರು ಮತ್ತೆ ಶಾಲೆ ಗೋಡೆಯ ಪಕ್ಕ ನಡೆದು ಬರುತ್ತಿದ್ದರು, ಚಪ್ಪಲಿಯ ತುಂಬ ಮರದ ಹೊಟ್ಟು.

“ಇನ್ನೂ ಯಾಕೆ ಈ ದಾರಿ? ಎಲ್ಲ ಹೇಳಿ ಆಯ್ತಲ್ಲ?” ಎಂದೆ.

ಅವರು ಒಂದು ಚಪ್ಪಲಿ ಬಿಚ್ಚಿ ಗೋಡೆಗೆ ಬಡಿದು, ಹೊಟ್ಟು ಕೊಡವಿದರು.

“ಆ ಕಡೆ ಹೋದ್ರೆ ಟೈಲರು ಮೊದಲಿನ ಹಾಗೇ ‘ಬನ್ನಿ ಸಾರ್, ಕೂರಿ’ ಅಂತಾರೆ ಕಣ್ರಿ” ಎಂದು ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿದರು.